ಡಿಶ್ ಚಾಚಾ ಎಳೆದ ಬಿಳಿ ಗೆರೆ

ಬೇರೆ ಕಸುಬಿನವರು ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡರೆ ನಮ್ಮ ಡಿಶ್ ಚಾಚಾ ಸಿಕ್ಕಿಸಿಕೊಳ್ಳುತ್ತಿದ್ದದ್ದು ಸೀಮೆಸುಣ್ಣ. ಬಲಗಿವಿಯ ಮೇಲಂಚು ಯಾವಾಗಲೂ ಬೆಳ್ಳಗೆ, ಅದೇ ಬದಿಯ ಗಡ್ಡದಲ್ಲೂ ಒಂದಿಷ್ಟು ಪುಡಿ. ಔರಾದ ಬಸ್ ನಿಲ್ದಾಣದ ಹಿಂದೆ ಅವರ ಪುಟ್ಟ ದುಕಾನು. ಸುತ್ತಲಿನ ಹಳ್ಳಿಗಳ ಮಾಳಿಗೆ ಹತ್ತಿ ಡಿಶ್ ಕೂಡಿಸಿ ಕೂಡಿಸಿ ಮೊಣಕಾಲು ಸವೆಸಿಕೊಂಡಿದ್ದರು. ಕೆಟ್ಟರೆ ಇದ್ದ ಜಾಗಕ್ಕೇ ತಿರುಗಿ ತರಲಿಕ್ಕೆ ಬೇಕೆಂದು, ಮೊದಲು ಗೆರೆ ಎಳೆಯದೆ ಯಾವ ನಟ್ಟನ್ನೂ ಸಡಿಲಿಸಿದವರಲ್ಲ.

ನಾನು ಅವರನ್ನು ಕರೆಸಿದ್ದು ಪೂರಾ ಸೋತ ಮೇಲೆ, ಶಾಲೆಗೆ ರಜೆ ಇದ್ದ ವಾರ. ಉಪನ್ಯಾಸಕರ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ವಯೋಮಿತಿಯ ಪ್ರಕಾರ ಮೂರನೆಯದೇ ಕಡೆಯದು. ರಸಾಯನಶಾಸ್ತ್ರದ ಒಳ್ಳೊಳ್ಳೆ ಪಾಠಗಳು ಉಚಿತ ಶಿಕ್ಷಣ ಚಾನೆಲ್ಲಿನಲ್ಲಿ ಬರುತ್ತಿದ್ದವು. ಆದರೆ ಬರುವುದು ಹಗಲು ಹೊತ್ತಿನಲ್ಲಿ, ನಾನಾಗ ಔರಾದದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಗಂಟಲು ಹರಿದುಕೊಳ್ಳುತ್ತಿರುತ್ತಿದ್ದೆ. ಸಂತಪುರದ ನಮ್ಮ ಮನೆಯಲ್ಲಿ ಮೊಬೈಲ್ ನೆಟ್ ಮಾತಾಡಲಿಕ್ಕೆ ಸಾಕು, ವಿಡಿಯೊ ನೋಡಲಿಕ್ಕಲ್ಲ. ಅದಕ್ಕೇ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ, ಡಿಶ್ ವೈರು ಜೋಡಿಸುವ ಟ್ಯೂನರ್ ಡಬ್ಬಿಯೊಂದನ್ನು ಬೀದರದಿಂದ ತಂದೆ. ನಾನಿಲ್ಲದಾಗ ಪಾಠ ತಾನೇ ರೆಕಾರ್ಡ್ ಆಗಬೇಕು, ಇದು ನನ್ನ ಹಟ.

ಚಾನೆಲ್ ಒಂದೂ ಬರಲಿಲ್ಲ. ಡಬ್ಬಿಯನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಿಸಿದೆ. ಲಿನಕ್ಸನ್ನೇ ಅಳಿಸಿ ಮೂರು ಸಲ ಮತ್ತೆ ಹಾಕಿದೆ. ಎಂ.ಎಸ್ಸಿ. ಓದಿದವಳೆಂಬ ಸೊಕ್ಕು ನೋಡಿ, ತಪ್ಪೆಲ್ಲ ಆ ಬಡಪಾಯಿ ಕಂಪ್ಯೂಟರಿನದೇ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಚಾಚಾ ಪರದೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹೆಂಗಸರನ್ನೆಲ್ಲ ಅವರು ಮರ್ಯಾದೆಗೆ 'ಬಾಯಿ' ಎನ್ನುತ್ತಿದ್ದರು. ಹೊಸ್ತಿಲ ಮೇಲೆ ನಿಂತೇ ಕೇಳಿದರು:

"ಸಿಗ್ನಲ್ ಬಲ ಎಷ್ಟ್ ತೋರಸ್ತದ್ರಿ ಬಾಯಿ?"

"ಎಂಬತ್ತ ಅದ ಚಾಚಾ."

"ಗುಣ?"

"ಸೊನ್ನಿ."

"ಹಂಗಾದ್ರ ಮಷೀನ್ದು ತಪ್ಪಿಲ್ರಿ. ಡಿಶ್ ಯಾರ ಕೂಡಿಸ್ಯಾರ?"

"ನಾನೇ. ಬಾಜೂ ಮನಿ ಡಿಶ್ ಯಾ ಕಡಿ ಮುಖ ಮಾಡ್ಯಾದ ನೋಡಿ, ಹಂಗೇ ತಿರುಗಿಸೀನಿ."

ಚಾಚಾ ಬಾಗಿಲ ಚೌಕಟ್ಟು ಹಿಡಿದು ನಕ್ಕರು. "ಓಣಿ ಮಂದಿ ಎಲ್ಲಾ ಇದಾ ಮಾಡ್ತಾರ. ಅವರ ಮನಿ ಡಿಶ್ ನಾನಾ ಕೂಡಿಸೀನ್ರಿ. ಅದು ರೊಕ್ಕದ ಚಾನೆಲ್ ಕೊಡೋ ಉಪಗ್ರಹದ ಕಡಿ ನೋಡ್ತದ. ನಿಮ್ಮ ಪಾಠ ಬರೋದು ಬ್ಯಾರೆ ಉಪಗ್ರಹದಿಂದ."

ನನಗೆ ನಾಚಿಕೆಯಾಯಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಮತ್ತ ಎಂಬತ್ತ ಯಾಕ ತೋರಸ್ತದ?" ಎಂದೆ.

"ಸಂತ್ಯಾಗ ಗದ್ದಲ ಕೇಳಸ್ತದ. ಅಂದ್ರ ನಿಮ್ಮನ್ನ ಯಾರರೆ ಕರ್ದಂಗ ಆಯ್ತೇನ್ರಿ? ಬಲ ಬಿಡ್ರಿ, ಗುಣ ನೋಡ್ರಿ."

ಅವರು ಮಾಳಿಗೆ ಹತ್ತಿದರು, ನಾನು ಕೆಳಗೆ ಪರದೆಯ ಮುಂದೆ ಕೂತೆ. ಡಿಶ್ಶಿನ ಹಿಡಿಕೆಯ ಮೇಲೊಂದು ಬಿಳಿ ಗೆರೆ ಎಳೆಯುವುದು, ಮೂಡಣಕ್ಕೆ ಒಂದು ಬೆರಳಿನಷ್ಟು ತಿರುಗಿಸುವುದು, ನಿಲ್ಲುವುದು, "ಎಷ್ಟ್ರಿ?" ಎಂದು ಕೂಗುವುದು. ನಾನು ಕೂಗಿದ್ದು ಹನ್ನೆರಡು ಸಲ "ಸೊನ್ನಿ". ಹದಿಮೂರನೆಯದಕ್ಕೆ ಗುಣ ಇಪ್ಪತ್ತಾಯಿತು, ಚಿತ್ರ ಚೂರುಚೂರಾಗಿ ಬಂತು. ಅಷ್ಟರಲ್ಲಿ ನಮಾಜಿನ ಹೊತ್ತಾಗಿ ಚಾಚಾ ಮಸೀದಿಗೆ ಹೋದರು.

ನನಗೆ ತಡೆಯಲಾಗಲಿಲ್ಲ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸಿದೆ, ಹಾಗೇ ಮಾಳಿಗೆ ಹತ್ತಿ ಡಿಶ್ಶನ್ನೂ ಒಂಚೂರು ಅಲುಗಿಸಿದೆ. ಮತ್ತೆ ಸೊನ್ನೆ. ಅವರು ತಿರುಗಿ ಬಂದಾಗ ನನ್ನ ಮುಖ ನೋಡಿಯೇ ಸಂಗತಿ ತಿಳಿದುಕೊಂಡರು. ಎರಡನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಎರಡೂ ಕಡಿ ಒಮ್ಮೆ ಕೈ ಹಾಕಿದ್ರ ಯಾವುದು ಕೆಡಿಸ್ತು ಅಂತ ಹ್ಯಾಂಗ ತಿಳೀತದ್ರಿ? ಒಂದು ಬದಲ್ ಮಾಡ್ರಿ, ನೋಡ್ರಿ, ಬರ್ಕೋರಿ. ಆಮ್ಯಾಲ ಇನ್ನೊಂದು."

ಆಮೇಲೆ ಮೂರು ದಿನ ನಡೆದದ್ದು ಅದೇ. ಅವರು ಔರಾದದಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು, ಮೊಣಕಾಲಿಗೆ ಒಂದು ಕೈ ಕೊಟ್ಟು ಮೆಟ್ಟಿಲು ಹತ್ತುತ್ತಿದ್ದರು. "ಸಾಕು ಬಿಡ್ರಿ ಚಾಚಾ" ಅಂದರೆ "ನಿಮಗ ಸಾಕಾಗಿರಬಹುದು, ನನಗಿಲ್ಲ" ಎನ್ನುತ್ತಿದ್ದರು. ಒಂದು ದಿನ ತುಕ್ಕು ಹಿಡಿದ ವೈರಿನ ತುದಿ ಕತ್ತರಿಸಿ ಹೊಸದು ಹಾಕಿದೆವು, ಮರುದಿನ ಗಾಳಿಗೆ ಅಲುಗುತ್ತಿದ್ದ ಕಂಬಕ್ಕೆ ಸಿಮೆಂಟು. ಮೂರನೆಯ ದಿನ ಗುಣ ಎಪ್ಪತ್ತಕ್ಕೆ ನಿಂತಿತು, ಚಾಚಾ ಆ ಜಾಗಕ್ಕೆ ಕಡೆಯ ಗೆರೆ ಎಳೆದರು. ಪರದೆಯ ಮೇಲೆ ಮೇಷ್ಟ್ರೊಬ್ಬರು ಬೆಂಜೀನಿನ ಉಂಗುರ ಬರೆಯುತ್ತಿದ್ದರು. ಚಾಚಾ ಆಗ ಮಾತ್ರ ಒಳಗೆ ಬಂದು ಕುರ್ಚಿಯಲ್ಲಿ ಕೂತು ನೀರು ಕೇಳಿದರು.

ಆ ವರ್ಷ ಪೂರ್ತಿ ಕಂಪ್ಯೂಟರು ನನಗಾಗಿ ದುಡಿಯಿತು. ಆಗೊಮ್ಮೆ ಈಗೊಮ್ಮೆ ಶಾಲೆಯ ಬಿಡುವಿನಲ್ಲಿ ಚಾಚಾನ ಫೋನು ಬರುತ್ತಿತ್ತು: "ಬಾಯಿ, ಇವತ್ತ ಮಾಡ ಭಾಳ ಅದ, ಪಾಠ ತುಂಡಾಗಿ ಬಂದದ. ಸಂಜಿಗಿ ಅದಾ ತಿರುಗಿ ಹಾಕ್ತಾರ, ಮನಿಗಿ ಹೋಗಿ ರೆಕಾರ್ಡಿಗಿ ಟೈಮ್ ಇಡ್ರಿ." ಮುಗಿಲಿನ ಮೋಡ ನೋಡಿ ಹೇಳುತ್ತಾರೆ ಅಂದುಕೊಂಡಿದ್ದೆ. ಸಂಜೆಯ ಹೊತ್ತು ಅವರಿಗೆ ಹೇಗೆ ಗೊತ್ತು ಎಂದು ಒಮ್ಮೆಯೂ ಕೇಳಲಿಲ್ಲ.

ಪರೀಕ್ಷೆ ಪಾಸಾಯಿತು. ಈಗ ನಾನು ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಹುಡುಗಿಯರು ಗಡಿಬಿಡಿ ಮಾಡಿದಾಗ "ಒಂದು ಬದಲ್ ಮಾಡ್ರಿ, ನೋಡ್ರಿ, ಬರ್ಕೋರಿ" ಅನ್ನುತ್ತೇನೆ.

ಚಾಚಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ವಾರ ಕಳೆದ ಮೇಲೆ. ಔರಾದಕ್ಕೆ ಹೋದೆ. ಅವರ ಹೆಂಡತಿ ಚಾಚಿ ನನ್ನ ಕೈ ಹಿಡಿದು ಟಿವಿಯ ಎದುರಿನ ಮಂಚದ ಮೇಲೆ ಕೂಡಿಸಿಕೊಂಡರು.

"ಇಲ್ಲೇ ಕುಂದರ್ತಿದ್ರು ನೋಡಮ್ಮಾ. ಒಂದು ವರ್ಷ ದಿನಾ ಹಗಲಿನ್ಯಾಗ ದುಕಾನ್ ಮುಚ್ಚಿ ಬಂದು ನಿನ್ನ ಆ ಪಾಠ ಹಚ್ತಿದ್ರು. ಒಂದಕ್ಷರ ತಿಳೀತಿದ್ದಿಲ್ಲ. 'ನಮ್ಮಲ್ಲಿ ಛಂದ ಬಂತು ಅಂದ್ರ ಅಲ್ಲಿ ಬಾಯಿಗೂ ಬಂದದ' ಅಂತ ಮುಗಿಯೋ ತನಕ ಏಳ್ತಿದ್ದಿಲ್ಲ. ನಿನ್ನ ಪರೀಕ್ಷಾ ಮುಗಿದ ದಿನ ರಿಮೋಟ್ ನನ್ನ ಕೈಯಾಗ ಕೊಟ್ರು. ಅವತ್ತ ನನಗ ನನ್ನ ಸೀರಿಯಲ್ ತಿರುಗಿ ಸಿಕ್ತು."

ನಾನು ಆ ಮಂಚದ ಮೇಲೆಯೇ ಅತ್ತೆ. ಮರುದಿನ ಸಂತಪುರಕ್ಕೆ ಹೋಗಿ ಮಾಳಿಗೆ ಹತ್ತಿದೆ. ಮಳೆಗೆ ಅವರ ಗೆರೆ ಮಾಸಿತ್ತು, ಆದರೆ ಜಾಗ ಕಾಣುತ್ತಿತ್ತು. ಚಾಚಿ ಕೊಟ್ಟಿದ್ದ ಸೀಮೆಸುಣ್ಣದ ತುಂಡಿನಿಂದ ಅದರ ಮೇಲೆಯೇ ಮತ್ತೆ ಎಳೆದೆ.