ಆಟಿ ತಿಂಗಳಲ್ಲಿ ಬಾಗಿಲು ತೆರೆದವರ ಗುರು

ಮೂಡಬಿದಿರೆಯ ಪಾಲಿಟೆಕ್ನಿಕ್ ಒಂದರಲ್ಲಿ ಮೂವತ್ತೊಂದು ವರ್ಷ ಕಂಪ್ಯೂಟರ್ ಪಾಠ ಹೇಳಿ ಈ ಜುಲೈ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀ ಚನಿಯಪ್ಪ ಗೌಡರು, ನಮ್ಮ ಊರುಗಳಲ್ಲಿ ಸ್ವಂತ ಉದ್ಯಮ ಕಟ್ಟಹೊರಟ ತರುಣ ತರುಣಿಯರೆಲ್ಲರ ಬೆನ್ನಿಗೆ ನಿಂತವರು. ಅವರ ಕುರಿತು ಬರೆಯುವ ಭಾಗ್ಯ ಒದಗಿದ್ದಕ್ಕೆ ನನಗಾಗಿರುವ ಸಂಭ್ರಮವನ್ನು ಮುಚ್ಚಿಡಲಾರೆ. ಗಾಂಭೀರ್ಯ ತುಸು ಕಡಿಮೆಯಾದರೆ ಸಂಪಾದಕರು ಮನ್ನಿಸಬೇಕು.

ನಾನು ನೆರಿಯದವಳು, ಸರ್ ಅವರ ವಿದ್ಯಾರ್ಥಿನಿ. ಆರು ವರ್ಷಗಳ ಹಿಂದೆ ಸಹಪಾಠಿ ಶೋಧನ್ ಜತೆ ಗುರುವಾಯನಕೆರೆಯ ಬಾಡಿಗೆ ಕೋಣೆಯಲ್ಲಿ ಕುಳಿತು, ಮದುವೆಮನೆಯವರು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಮೊಬೈಲಿನಲ್ಲೇ ಗೊತ್ತುಮಾಡುವಂಥ ಆ್ಯಪ್ ತಯಾರಿಸಿದೆವು. ಉದ್ಘಾಟಿಸಿದ್ದು ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳಲ್ಲಿ! ಆಟಿಯಲ್ಲಿ ಯಾರ ಮನೆಯಲ್ಲೂ ಶುಭಕಾರ್ಯ ನಡೆಯದೆಂಬುದು, ತುಳುನಾಡಿನಲ್ಲೇ ಹುಟ್ಟಿ ಬೆಳೆದ ನಮಗೆ ಕೋಡ್ ಬರೆಯುವ ಭರದಲ್ಲಿ ಮರೆತೇ ಹೋಗಿತ್ತು. ಮೂರು ವಾರ ಒಂದು ಕರೆಯೂ ಬರಲಿಲ್ಲ. ಮುಂದಿನ ಸೋಣ ತಿಂಗಳು ಮುಗಿಯುವುದರೊಳಗೆ ಹತ್ತು ಗಿರಾಕಿಗಳು ಸಿಗದಿದ್ದರೆ ಎಲ್ಲವನ್ನೂ ಮುಚ್ಚುವುದೆಂದು ನಿಶ್ಚಯಿಸಿ, ಸಪ್ಪೆ ಮೋರೆ ಹೊತ್ತು ಸರ್ ಬಳಿಗೆ ಹೋದೆವು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಟಿಯಲ್ಲಿ ಶಾಮಿಯಾನದವರಿಗೂ ಕೆಲಸ ಇಲ್ಲ ಅಲ್ವಾ? ಮಾತಾಡ್ಲಿಕ್ಕೆ ಪುರುಸೊತ್ತು ಉಂಟು. ಬನ್ನಿ, ಹೋಗುವ" ಎಂದವರೇ ಮೆಲ್ಕಾರ್‌ನ ಶಾಮಿಯಾನ ಅಂಗಡಿಯ ರುಕ್ಮಯ್ಯನವರ ಮುಂದೆ ನಮ್ಮನ್ನು ಕೂರಿಸಿದರು. ಲ್ಯಾಪ್‌ಟಾಪ್ ಚೀಲದಿಂದ ಹೊರತೆಗೆಯಲು ಬಿಡಲಿಲ್ಲ. ಎರಡು ದಿನ ಪಾತ್ರೆ ತಿಕ್ಕಿದೆವು, ಕುರ್ಚಿ ಒರೆಸಿದೆವು. ಮೂರನೆಯ ದಿನ ರುಕ್ಮಯ್ಯನವರು ಬಾಯಿಬಿಟ್ಟರು: "ಗಿರಾಕಿ ನನಗೆ ಬೇಕಾದಷ್ಟು ಉಂಟು ಮಗಾ. ಏಣಿ ಮೇಲೆ ಇರುವಾಗ ಫೋನ್ ಬರ್ತದೆ, ಹೂಂ ಹೇಳ್ತೇನೆ. ಮತ್ತೆ ನೋಡಿದ್ರೆ ಒಂದೇ ದಿನಕ್ಕೆ ಅದೇ ಪಾತ್ರೆ ಎರಡು ಮನೆಗೆ ಒಪ್ಪಿ ಆಗಿರ್ತದೆ. ಮರ್ಯಾದೆ ಹೋಗುದು ನಂದು."

ನಮಗೆ ಬೇಕಾದ ಗಿರಾಕಿ ಮದುವೆಮನೆಯವರಲ್ಲ, ರುಕ್ಮಯ್ಯನವರೇ! ಬರೆದದ್ದನ್ನೆಲ್ಲ ಆಗಲೇ ಹೊಸದಾಗಿ ಬರೆಯಹೊರಟ ನಮ್ಮನ್ನು ಸರ್ ತಡೆದರು. ಒಂದು ತಿಂಗಳು ರುಕ್ಮಯ್ಯನವರ ಫೋನನ್ನು ನೀವೇ ತೆಗೆದು, ಯಾವ ದಿನ ಯಾವ ಮನೆಗೆ ಏನು ಎಂದು ಕೈಯಲ್ಲೇ ಬರೆಯಿರಿ, ಎಲ್ಲಿ ತಪ್ಪುತ್ತದೋ ಅಷ್ಟಕ್ಕೆ ಮಾತ್ರ ಆ್ಯಪ್ ಮಾಡಿ ಎಂದು ತಾಕೀತು ಮಾಡಿದರು. ಹಾಗೆಯೇ ಮಾಡಿದೆವು. ಒಂದು ಪಾತ್ರೆಯೂ ಎರಡು ಮನೆಗೆ ಹೋಗದ್ದನ್ನು ಕಂಡು ರುಕ್ಮಯ್ಯನವರೇ ತಮ್ಮ ಕಸುಬಿನವರಿಗೆಲ್ಲ ಹೇಳಿದರು. ಸೋಣ ಮುಗಿಯುವ ಮುನ್ನಾದಿನ ಬೆಳ್ತಂಗಡಿಯಲ್ಲಿ ಹತ್ತನೆಯ ಅಂಗಡಿಯವರು ಒಪ್ಪಿದಾಗ ಶೋಧನ್ ಬಸ್ ನಿಲ್ದಾಣದಲ್ಲೇ ಕುಣಿದ, ನಾನು ಅತ್ತೆ. ಇಂದು ಬಂಟ್ವಾಳದಿಂದ ಮೂಡಬಿದಿರೆಯವರೆಗೆ ನೂರನಲವತ್ತು ಅಂಗಡಿಗಳು ನಮ್ಮೊಂದಿಗಿವೆ.

ಕಳೆದ ವಾರ ಸರ್ ಫೋನ್ ಮಾಡಿ, ತಮಗೂ ಒಂದು ಆಲೋಚನೆ ಬಂದಿದೆ, ನಿವೃತ್ತಿಯ ಮರುದಿನದಿಂದ ನಿಮ್ಮ ಕೋಣೆಯಲ್ಲಿ ಕೂರಲು ಜಾಗ ಸಿಗಬಹುದೇ ಎಂದು ಕೇಳಿದರು.

"ಆಟಿಯಲ್ಲಿ ಶುರು ಮಾಡುದಾ ಸರ್?" ಎಂದು ಕೆಣಕಿದೆ.

"ಶುರು ಅಲ್ಲ ಮಾರಾಯ್ತಿ, ಮೊದಲು ಹತ್ತು ಜನರ ಹತ್ರ ಕೇಳಿ ಬರ್ತೇನೆ."

ನೂರು ವರ್ಷ ಹೀಗೆಯೇ ಕೇಳುತ್ತಿರಿ, ಕಟ್ಟುತ್ತಿರಿ, ನಮ್ಮನ್ನು ಬೈಯುತ್ತಿರಿ ಸರ್. ನಿಮ್ಮ ಕುರ್ಚಿ ಆಗಲೇ ಬಂದಿದೆ. ರುಕ್ಮಯ್ಯನವರು ತಮ್ಮ ಅಂಗಡಿಯಿಂದ ಆರಿಸಿ ಕಳಿಸಿದ್ದಾರೆ. ಇದೊಂದನ್ನು ವಾಪಸು ಕೊಡಬೇಕಾಗಿಲ್ಲವಂತೆ.

– ವಿಸ್ಮಿತಾ, ನೆರಿಯ