ರೆಂಡರ್ ಓಡುವಷ್ಟು ಹೊತ್ತು

ನನ್ನ ಗಂಡ ಮದುವೆ ವಿಡಿಯೊ ತೆಗೆಯುತ್ತಾರೆ. ಶಿಡ್ಲಘಟ್ಟದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವವಳು ನಾನು. ಹೆಸರು ಮಾತ್ರ ಅವರದು. ಕೊನೆಗೆ ಇಡೀ ಮದುವೆಯನ್ನು ಒಂದೇ ಫೈಲು ಮಾಡಲು ಕಂಪ್ಯೂಟರನ್ನು ರೆಂಡರಿಗೆ ಬಿಡಬೇಕು. ನಮ್ಮ ಹಳೆಯ ಪ್ರೊಸೆಸರಿಗೆ ಅದು ಅರ್ಧ ದಿನದ ಕೆಲಸ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಆ ಅರ್ಧ ದಿನದಲ್ಲೇ ನಾನು ಮೇಲೂರಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ತಮ್ಮನ ಮನೆಯಲ್ಲಿ ಅಮ್ಮ ಲಕ್ವ ಹೊಡೆದು ಮಲಗಿದ್ದಳು. ತಮ್ಮ, ಅವನ ಹೆಂಡತಿ ರೇಷ್ಮೆ ಹುಳ ಸಾಕುತ್ತಾರೆ. ಹುಳುಮನೆಯೊಳಗೆ ಹೋಗುವವರು ಹೊಲಸು ಮುಟ್ಟಿದರೆ ಹುಳಕ್ಕೆ ರೋಗ ಬರುತ್ತದೆಂದು ಅವರ ನಂಬಿಕೆ. ಕೈಕಾಲು ತೊಳೆದು ಹೋಗಬಹುದಲ್ಲ ಎಂದರೆ ಮುಖ ತಿರುಗಿಸುತ್ತಾರೆ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಬೀಳುತ್ತಿತ್ತು, ಅಮ್ಮ ಒದ್ದೆಯಲ್ಲೇ ಬಿದ್ದಿರುತ್ತಿದ್ದಳು. ನಾನು ಹೋಗಿ ಮೈ ತೊಳೆದು ಸೀರೆ ಬದಲಾಯಿಸಬೇಕು. ತವರೆಂದರೆ ಉರಿದುಬೀಳುವ ನಮ್ಮತ್ತೆ, ಕಂಪ್ಯೂಟರ್ ಮಿಷನ್ ಓಡುವಾಗ ಮಾತ್ರ ಸುಮ್ಮನಿರುತ್ತಿದ್ದರು.

"ಹೊಸ ಜನರೇಷನ್ ಪ್ರೊಸೆಸರ್ ಬಂದಿದ್ಯಂತೆ, ಹಾಕ್ಸೋಣ್ವ? ನಿಂಗೇ ಗೊತ್ತು ಅದೆಲ್ಲ, ನೀನೇ ಹೇಳು" ಅಂದರು ಗಂಡ.

ಮೊಬೈಲಿನಲ್ಲಿ ಎಲ್ಲ ಓದಿ ನೋಡಿದೆ. ಹಾಕಿಸಿದರೆ ಅನ್ನ ಬೇಯುವಷ್ಟರಲ್ಲಿ ರೆಂಡರ್ ಮುಗಿಯುತ್ತಿತ್ತು.

"ಏನೂ ವ್ಯತ್ಯಾಸ ಇಲ್ಲ ರೀ. ಅದಕ್ಕೆ ಬೋರ್ಡು, ರ‍್ಯಾಮು ಎಲ್ಲಾ ಬದಲಾಯಿಸ್ಬೇಕು. ಸುಮ್ನೆ ದಂಡ" ಎಂದೆ. ಅಪ್ಪಟ ಸುಳ್ಳು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಆ ಮನುಷ್ಯ ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ವಿಚಾರಿಸಿ, ಹೊಸ ಪ್ರೊಸೆಸರಿನ ಡಬ್ಬ ಹಿಡಿದೇ ಮನೆಗೆ ಬಂದರು. "ನಿನ್ನ ಮಾತು ಕೇಳಿದ್ರೆ ಉದ್ಧಾರ ಆದಂಗೆ" ಎಂದು ನಕ್ಕರು. ಅತ್ತೆ ಅದಕ್ಕೆ ಕುಂಕುಮವಿಟ್ಟು ಊದುಬತ್ತಿ ಹಚ್ಚಿದರು. ಮರುದಿನ ರೆಂಡರಿಗೆ ಬಿಟ್ಟು ಸೀರೆ ಉಟ್ಟು ಬರುವಷ್ಟರಲ್ಲಿ ಮದುವೆ ಮುಗಿದು ಕೂತಿತ್ತು.

"ಎಲ್ಲಿಗಮ್ಮ, ಮಿಷನ್ ಬಿಡುವಾಯ್ತಲ್ಲ?" ಎಂದರು ಅತ್ತೆ.

"ಅಮ್ಮನ್ನ ತೊಳೀಬೇಕು ಅತ್ತೆ. ನಿನ್ನೆಯಿಂದ ಹಾಗೇ ಬಿದ್ದಿದ್ದಾಳೆ."

"ಅಲ್ಲಿ ಮಗ ಸೊಸೆ ಸತ್ತೋಗಿದ್ದಾರಾ?"

ಗಂಡ ಚಿಂತಾಮಣಿಯ ಮದುವೆಯೊಂದರ ಮೆಮೊರಿ ಕಾರ್ಡನ್ನು ನನ್ನ ಕೈಗಿಟ್ಟರು. "ಸೀಸನ್ ಮುಗೀಲಿ, ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ." ದೊಡ್ಡ ಉಪಕಾರ ಮಾಡಿದವರಂತೆ ಮುಖ ಬೇರೆ. ಅವರ ಬಾಯಿಗೆ ಮಣ್ಣು ಹಾಕಬೇಕೆನಿಸಿತು. ಹಾಕಲಿಲ್ಲ, ಕೂತು ಯಾರದೋ ಧಾರೆ ಕತ್ತರಿಸಿದೆ. ಅದಾದ ಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಫೋನ್ ಮಾಡಿದಳು.

"ಅತ್ತೆ ತಲೆ ಬೋಳಿಸ್ಬಿಟ್ವಿ ಅಕ್ಕ. ಹೇನು ಬಿದ್ದಿತ್ತು. ನೀವೂ ಬರ್ಲಿಲ್ಲ, ಬಾಚೋರು ಯಾರು?"

"ಅಮ್ಮ ಏನಂದ್ಳು?"

"ಬೋಳಿಸೋವಾಗ ಬಾಗಿಲ ಕಡೇನೇ ನೋಡ್ತಾ ಇದ್ರು."