ಬನಹಟ್ಟಿಯ ಡಬ್ಬಿ, ಮುಂಬಯಿಯ ಹೆಸರು

ಬೆಳಗಿನ ಐದು ಗಂಟೆ. ಬನಹಟ್ಟಿಯ ಈ ಓಣಿಯಲ್ಲಿ ಪವರ್‌ಲೂಮ್‌ಗಳ ಸದ್ದು ಇನ್ನೂ ಶುರುವಾಗಿಲ್ಲ. ತಗಡಿನ ಶೆಡ್ಡಿನೊಳಗೆ ಐವತ್ತಾರು ವರ್ಷದ ಚನಮಲ್ಲಪ್ಪ, ಸೊಂಟದೆತ್ತರದ ಪ್ಲೈವುಡ್ ಡಬ್ಬಿಯ ಮೇಲೆ ಒಂದು ಹಿಡಿ ರವೆ ಹರಡುತ್ತಿದ್ದಾರೆ. ಡಬ್ಬಿಯೊಳಗಿನ ದೊಡ್ಡ ಸ್ಪೀಕರಿನಿಂದ ಒಂದೇ ಸಮನೆ ಹೊರಡುವ ಕೆಳದನಿಗೆ ನೆಲವೂ ಸಣ್ಣಗೆ ಜುಮ್ಮೆನ್ನುತ್ತದೆ. ರವೆ ಒಂದು ಕಡೆ ಸುಮ್ಮನೆ ಕೂತಿದೆ, ಇನ್ನೊಂದು ಕಡೆ ಬಾಣಲೆಯಲ್ಲಿ ಹುರಿದಂತೆ ಕುಣಿಯುತ್ತಿದೆ. ಕುಣಿದ ಜಾಗಕ್ಕೆ ಅವರು ಪೆನ್ಸಿಲಿನಿಂದ ಗೀಟು ಹಾಕಿ, ಪತ್ರಿಕೆಗೆ ಬರೆಯಲು ಬಂದ ನನಗೆ ತೋರಿಸುತ್ತಾರೆ.

"ಇಲ್ಲಿ ಹಲಗಿ ನಡಗಾಕತ್ತೈತ್ರಿ. ಒಳಗ ಇನ್ನೊಂದು ಪಟ್ಟಿ ಕೂಡಸಬೇಕು. ಗಾಳಿ ನಡಗಬೇಕು, ಡಬ್ಬಿ ನಡಗಬಾರದು. ಡಬ್ಬಿ ಸತ್ತಂಗ ನಿಂದರಬೇಕು."

ಸಭೆ, ನಾಟಕ, ಆರ್ಕೆಸ್ಟ್ರಾಗಳಲ್ಲಿ ತಬಲದ ಎಡಗೈ ಪೆಟ್ಟಿಗೂ ಡೊಳ್ಳಿಗೂ ಎದೆ ತುಂಬುವ ದನಿ ಕೊಡುವ ಬೇಸ್ ಡಬ್ಬಿಗಳು ಇವು. ಬೀಳಗಿಯಿಂದ ತೇರದಾಳದವರೆಗೆ ನಲವತ್ತಕ್ಕೂ ಹೆಚ್ಚು ಸೌಂಡ್‌ನವರು ಚನಮಲ್ಲಪ್ಪನವರ ಡಬ್ಬಿ ಹೊತ್ತು ತಿರುಗುತ್ತಾರೆ. ಹದಿನೆಂಟು ವರ್ಷಗಳಲ್ಲಿ ಅವರು ಕಟ್ಟಿದ್ದು ಮುನ್ನೂರ ನಲವತ್ತು. ಒಂದಕ್ಕೆ ನಾಲ್ಕು ದಿನ ಬೇಕು, ತೊಂಬತ್ತಾರು ಸ್ಕ್ರೂ ಬೇಕು. ಎಲ್ಲಿಯಾದರೂ ಗಾಳಿ ಸೋರುತ್ತದೆಯೇ ಎಂದು ನೋಡಲು ಪ್ರತಿ ಸಂದಿಗೂ ಊದಿನಕಡ್ಡಿಯ ಹೊಗೆ ಹಿಡಿಯುತ್ತಾರೆ. ಹೊಗೆ ಅಲುಗಿದರೆ ಡಬ್ಬಿ ಮತ್ತೆ ಬಿಚ್ಚಬೇಕು.

ತಂದೆ ಕೈಮಗ್ಗ ರಿಪೇರಿ ಮಾಡುತ್ತಿದ್ದ ಬಡಿಗ. ಕಟ್ಟಿಗೆಯ ಮಗ್ಗಗಳು ಮೂಲೆ ಸೇರಿದ ಮೇಲೆ ಮಗನ ಕೈಗೆ ಕೆಲಸವಿರಲಿಲ್ಲ. ಒಮ್ಮೆ ಯಾರೋ ಒಡೆದ ಸ್ಪೀಕರ್ ಡಬ್ಬಿ ತಂದುಕೊಟ್ಟರು. ಅದನ್ನು ರಿಪೇರಿ ಮಾಡಲೆಂದು ಬಿಚ್ಚಿದವರು, ಒಳಗಿನ ಜಾಗ ಹಿಗ್ಗಿಸಿ ಕುಗ್ಗಿಸಿ ದನಿ ಬದಲಾಗುವುದನ್ನು ನೋಡುತ್ತ ಎಂಟು ದಿನ ಕೂತುಬಿಟ್ಟರು. ಲೆಕ್ಕವನ್ನು ಆಮೇಲೆ ಕಲಿತರು.

ಡಬ್ಬಿ ಬೇಕೆಂದು ಬಂದವರಿಗೆ ಅವರ ಮೊದಲ ಪ್ರಶ್ನೆ, ಡಬ್ಬಿ ಇಡುವ ಜಾಗಕ್ಕೆ ಛಾವಣಿ ಇದೆಯೋ ಇಲ್ಲವೋ. ಬಯಲಿನಲ್ಲಿ ದನಿ ದೂರ ಹೋಗಬೇಕಾದರೆ ಒಳಗೆ ಮಡಿಕೆ ಮಡಿಕೆಯಾಗಿ ದಾರಿಯಿರುವ ಡಬ್ಬಿ. ಕಲ್ಯಾಣ ಮಂಟಪಕ್ಕಾದರೆ ಮುಂದೆ ಗಾಳಿಕಿಂಡಿ ಇರುವುದು. ಯಾವ ಸ್ಪೀಕರ್ ಎಂದು ನೋಡದೆ ಹಲಗೆ ಕೊಯ್ಯುವುದಿಲ್ಲ. "ಕಾಲು ನೋಡಿ ಚಪ್ಪಲಿ ಹೊಲೀಬೇಕ್ರಿ. ಮಂದಿ ಚಪ್ಪಲಿ ತಂದು ಕಾಲು ಹುಡುಕ್ಯಾಡತಾರ."

ಈ ಕೆಲಸ ಅವರ ಕಿವಿಯನ್ನು ತಿಂದಿದೆ. ಗರಗಸ, ಡ್ರಿಲ್, ದಿನಗಟ್ಟಲೆ ಸ್ಪೀಕರ್ ಪರೀಕ್ಷೆ. ದಪ್ಪ ದನಿಗಳು ಇನ್ನೂ ಕೇಳುತ್ತವೆ, ತೆಳು ದನಿಗಳು ಹೋಗಿವೆ. ಮಾತಿನ ಗದ್ದಲವಷ್ಟೇ ಕಿವಿಗೆ ಬೀಳುತ್ತದೆ, ಮಾತು ಬೀಳುವುದಿಲ್ಲ. "ಡಬ್ಬಿ ಕೇಳತೈತ್ರಿ, ಮಗಳ ಮಾತು ಕೇಳೂದಿಲ್ಲ," ಎನ್ನುತ್ತಾರೆ. ಮಗಳು ಸೌಂದರ್ಯಾ ಕಾಲೇಜಿಗೆ ಹೋಗುತ್ತಾಳೆ. ಅಪ್ಪನಿಗೆ ಹೇಳಬೇಕಾದ್ದನ್ನು ಪ್ಲೈವುಡ್ ತುಂಡಿನ ಮೇಲೆ ಬರೆದು ತೋರಿಸುವುದು ಅವಳಿಗೆ ರೂಢಿಯಾಗಿದೆ.

ಹೋದ ವರ್ಷ ಜಮಖಂಡಿಯಲ್ಲಿ ಒಂದು ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ಸೌಂಡ್ ಮುಧೋಳದ ನವೀನನದು. ಅಲ್ಲಿ ನಿಂತಿದ್ದ ಎಂಟು ಬೇಸ್ ಡಬ್ಬಿಗಳೂ ಚನಮಲ್ಲಪ್ಪನವರವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿ ಶಿವವ್ವ ಮತ್ತು ಮಗಳನ್ನು ಕರೆದುಕೊಂಡು ಅವರೂ ಹೋಗಿದ್ದರು. ಕಾರ್ಯಕ್ರಮ ಮುಗಿದಾಗ ಸೌಂಡ್ ಛಲೋ ಇತ್ತೆಂದು ನವೀನನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವನು ಮೈಕ್ ಹಿಡಿದು, ಡಬ್ಬಿಗಳ ಕಡೆ ಕೈ ತೋರಿಸಿ ಏನೋ ಹೇಳಿದ. ಜನ ಚಪ್ಪಾಳೆ ತಟ್ಟಿದರು. ತಮ್ಮ ಹೆಸರು ಹೇಳಿದನೆಂದುಕೊಂಡ ಚನಮಲ್ಲಪ್ಪ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಶಿವವ್ವ ಅವರ ಅಂಗಿ ಹಿಡಿದು ಜಗ್ಗಿ ಕೂರಿಸಿದರು. ಮರುದಿನ ಚನಮಲ್ಲಪ್ಪ, ನವೀನ ಹೇಳಿದ್ದೇನೆಂದು ಕೇಳಿಯೇ ಕೇಳಿದಾಗ ಸೌಂದರ್ಯಾ ಪೆನ್ಸಿಲ್ ತೆಗೆದುಕೊಂಡು ಬರೆದಳು: 'ಡಬ್ಬಿ ಮುಂಬಯಿ ಕಂಪನಿದು ಅಂದ.'

"ನನ್ನ ಹೆಸರು ಅಳಸೂ ಮುಂದ ನಾನ ಚಪ್ಪಾಳಿ ತಟ್ಟೇನ್ರಿ," ಎನ್ನುವಾಗ ಅವರು ನಗುತ್ತಾರೆ. ಶಿವವ್ವ ನಗುವುದಿಲ್ಲ. "ಅವತ್ತಿನಿಂದ ಆ ಅಂಗಿ ಹಾಕ್ಕೊಂಡಿಲ್ರಿ ಇವರು," ಎಂದು ಒಳಗೆ ಹೋಗುತ್ತಾರೆ.

ಕಾರ್ಯಕ್ರಮ ನಡೆದ ವಾರವೇ ಚನಮಲ್ಲಪ್ಪ ಮಗಳ ಜೊತೆ ಮುಧೋಳಕ್ಕೆ ಹೋದರು. ನವೀನ ಕುರ್ಚಿ ಕೊಟ್ಟ, ಚಹಾ ತರಿಸಿದ. ಡಬ್ಬಿಗಳ ಮೇಲೆ ಯಾವುದೋ ಕಂಪನಿಯ ಹೆಸರಿದ್ದ ಹೊಳೆಯುವ ಪಟ್ಟಿ ಅಂಟಿಸಿತ್ತು. "ಕಾಕಾ, ಬನಹಟ್ಟಿ ಬಡಿಗ್ಯಾ ಮಾಡ್ಯಾನ ಅಂದ್ರ ನನ್ನ ಸೌಂಡ್ ಯಾರು ಹಚ್ಚಸ್ತಾರ್ರಿ? ಸಿಟ್ಟಾಗಬ್ಯಾಡ್ರಿ, ಇನ್ನೂ ನಾಕು ಡಬ್ಬಿ ಬೇಕು. ಈ ಪಟ್ಟಿ ಕೂಡೂವಷ್ಟು ಜಾಗ ಕೊರದ ಕೊಡ್ರಿ," ಎಂದ. ಸೌಂದರ್ಯಾ ಕೊನೆಯ ಮಾತನ್ನು ಬರೆದು ತೋರಿಸಲು ಹಿಂಜರಿದಳು. ಅವರು ಒತ್ತಾಯಿಸಿ ಬರೆಸಿದರು, ಓದಿದರು, ಚಹಾ ಮುಟ್ಟದೆ ಎದ್ದು ಬಂದರು.

ನವೀನನೇನೂ ಕೈಕಟ್ಟಿ ಕೂರಲಿಲ್ಲ. ಒಂದು ಡಬ್ಬಿಯನ್ನು ಬೇರೆ ಬಡಿಗನ ಮುಂದಿಟ್ಟು ಅದರಂತೆಯೇ ನಾಲ್ಕು ಮಾಡಿಸಿದ. ಮಾಡಿದವನು ಹೊರಗಿನ ಅಳತೆ ಇಳಿಸಿಕೊಂಡ, ಒಳಗಿನ ಪಟ್ಟಿಗಳನ್ನು ದಂಡವೆಂದು ಬಿಟ್ಟ. ನಾಲ್ಕು ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಅವು ಗುರುಗುಟ್ಟತೊಡಗಿದವು. ಕೇಳಿದವರಿಗೆ ನವೀನ ಹೇಳಿದ್ದು, ಅವು ಬನಹಟ್ಟಿಯವು ಎಂದು. ಮಂದಿಯ ಮುಂದೆ ಊರ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಛಲೋ ಬಡದ್ರ ಮುಂಬಯಿದು, ಕೆಟ್ರ ಬನಹಟ್ಟಿದು. ಇದು ನ್ಯಾಯ ಏನ್ರಿ?" ಚನಮಲ್ಲಪ್ಪ ಈ ಪ್ರಶ್ನೆಯ ಉತ್ತರಕ್ಕೆ ಕಾಯುವುದಿಲ್ಲ. ಕಾದರೂ ಕೇಳಿಸುವುದಿಲ್ಲ.

ಜಾತ್ರೆಯ ಹಂಗಾಮಿನಲ್ಲಿ ತಿಂಗಳಿಗೆ ಆರು ಡಬ್ಬಿ ಕಟ್ಟುತ್ತಿದ್ದವರಿಗೆ ಈಗ ಎರಡು ಸಿಕ್ಕರೆ ಹೆಚ್ಚು. ರವೆ ಹರಡಿರುವ ಈ ಡಬ್ಬಿ ಬೀಳಗಿಯ ತುಕಾರಾಮನದು. ಆರು ಹೇಳಿದ್ದವನು ಬನಹಟ್ಟಿಯ ಡಬ್ಬಿ ಗುರುಗುಟ್ಟಿದ ಸುದ್ದಿ ಕೇಳಿ ಬಂದು, ಎರಡು ಸಾಕು ಎಂದು ಹೋದ. ಒಳಗಿನ ಪಟ್ಟಿಗಳನ್ನು ಒಮ್ಮೆ ಬಿಚ್ಚಿ ತೋರಿಸುತ್ತೇನೆಂದು ಇವರು ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದರು. "ಇರ್ಲಿ ಬಿಡ್ರಿ, ಮಂದಿ ಒಳಗ ಬಗ್ಗಿ ನೋಡತಾರೇನು," ಎಂದು ಅವನು ಬೈಕ್ ಹತ್ತಿದ್ದ.

ಹೊರಗೆ ಬೆಳಕು ಬಿದ್ದಿದೆ. ಒಂದೊಂದಾಗಿ ಮಗ್ಗಗಳು ಶುರುವಾಗಿ ಓಣಿ ತುಂಬ ಟಕಟಕ. ಇನ್ನು ಪರೀಕ್ಷೆ ಸಾಗದು. ಚನಮಲ್ಲಪ್ಪ ರವೆಯನ್ನು ಅಂಗೈಯಿಂದ ಬಳಿದು ಡಬರಿಗೆ ಹಾಕಿ, ಉಳಿದ ಪಟ್ಟಿಗಳಿಗೆ ಅಂಟು ಹಚ್ಚುತ್ತಾರೆ. ಅವರ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಏನಾದರೂ ಆಸೆಯಿದ್ದರೆ ಹೇಳಲಿ ಎಂದು ಸೌಂದರ್ಯಾ ಬರೆದು ತೋರಿಸುತ್ತಾಳೆ. ಅವರು ಓದಿ, ಆ ತುಂಡನ್ನು ಬದಿಗಿಟ್ಟು ಇನ್ನೊಂದು ಪಟ್ಟಿಗೆ ಅಂಟು ಹಚ್ಚುತ್ತಾರೆ.

"ಹೆಸರು ಹಾಕ್ರಿ, ಬಿಡ್ರಿ, ನಿಮಗ ಬಿಟ್ಟದ್ದು," ಎನ್ನುತ್ತಾರೆ ಕೊನೆಗೆ. "ಒಳಗಿನ ಅಳತಿ ಮಾತ್ರ ಬರೀಬ್ಯಾಡ್ರಿ."